ಗೋಪುರ ಹತ್ತಿದ ಎಡಗಾಲಿನ ಶೂ

ನಾನು ಎಡಗಾಲಿನ ಶೂ. ಜೋಡಿಯಲ್ಲಿ ಒಬ್ಬ ತಾನೇ ಎಂದು ನನ್ನನ್ನು ಹಗುರವಾಗಿ ಎಣಿಸಬೇಡಿ. ನನ್ನ ಅಟ್ಟೆ ಬಲಗಾಲಿನವನದಕ್ಕಿಂತ ಪೂರಾ ಎರಡಿಂಚು ದಪ್ಪ. ಮಂಗಳೂರಿನ ಕಂಕನಾಡಿಯ ಪುಟ್ಟ ಅಂಗಡಿಯೊಂದರಲ್ಲಿ ಐತಪ್ಪಣ್ಣ ನನ್ನನ್ನು ಮಾಡಿದರು. ಜಲಜಾಕ್ಷಿಯಮ್ಮನ ಪಾದವನ್ನು ಕಾಗದದ ಮೇಲಿರಿಸಿ ಗೆರೆ ಎಳೆದರು, ರಬ್ಬರನ್ನು ಪದರ ಪದರವಾಗಿ ಅಂಟಿಸಿದರು, ನಾಲ್ಕು ಸಲ ತೊಡಿಸಿ ನಡೆಸಿ ನೋಡಿದರು. ಕೊನೆಗೆ, "ಇನ್ನು ಎಲ್ಲಿಗೆ ಬೇಕಾದ್ರೂ ಹೋಗಿ ಅಕ್ಕ, ಇದು ಬಿಟ್ಟುಕೊಡುವುದಿಲ್ಲ," ಎಂದರು. ಶೂವಿಗೆ ತಲೆಯಿಲ್ಲ, ಆದರೂ ಆ ಮಾತು ನನ್ನ ತಲೆಗೇರಿತು.

ಜಲಜಾಕ್ಷಿಯಮ್ಮ ಹೊಲಿಗೆ ಕಲಿಸುವ ಟೀಚರು. ಚಿಕ್ಕಂದಿನ ಜ್ವರವೊಂದರಿಂದ ಅವರ ಎಡಗಾಲು ಗಿಡ್ಡವಾಗಿ ಉಳಿದಿತ್ತು. ಮನೆಯವರಿಗೆ ಅವರ ಮೇಲೆ ಬಲು ಪ್ರೀತಿ. ತೊಂದರೆ ಇದ್ದದ್ದೇ ಅಲ್ಲಿ. ಕಾರ್ಕಳದ ಗೊಮ್ಮಟನ ಬೆಟ್ಟವಿರಲಿ, ಇನ್ನಾವ ಗುಡ್ಡದ ದೇವಸ್ಥಾನವೇ ಇರಲಿ, ಮೆಟ್ಟಿಲು ಕಂಡೊಡನೆ ಯಾರಾದರೊಬ್ಬರು, "ನೀನು ಇಲ್ಲೇ ನೆರಳಲ್ಲಿ ಕೂತುಕೋ, ಚಪ್ಪಲಿ ನೋಡಿಕೊಂಡ್ರೆ ಸಾಕು," ಎನ್ನುವರು. ಹೀಗೆ ಐವತ್ತು ವರ್ಷ ಅವರು ಬಂಧುಬಳಗದವರ ಚಪ್ಪಲಿ ಕಾದಿದ್ದರು. ಒಂದು ಬೆಟ್ಟದ ತುದಿಯನ್ನೂ ಕಂಡಿರಲಿಲ್ಲ.

ಅವರ ತಮ್ಮ ಯಶೋಧರ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. "ಇಷ್ಟು ದಿನ ಒಂದೇ ರಸ್ತೆ ಆಯ್ತು, ಇನ್ನು ಬೇರೆಯವರ ರಸ್ತೆ ನೋಡುವ," ಎಂದು ಹೆಂಡತಿ ವಾರಿಜಳನ್ನೂ ಅಕ್ಕನನ್ನೂ ಪೋರ್ಚುಗಲ್ಲಿಗೆ ಕರೆದುಕೊಂಡು ಹೋಗಿ, ಲಿಸ್ಬನ್ನಿನಲ್ಲಿ ಬಾಡಿಗೆ ಕಾರು ಹಿಡಿದ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಪ್ರತಿ ಸರ್ಕಲ್ಲಿನಲ್ಲೂ ಅವನಿಗೆ ಅದು ಮರೆಯುತ್ತಿತ್ತು, ಪ್ರತಿ ಸಲವೂ ವಾರಿಜ "ಬಲಕ್ಕೆ, ಬಲಕ್ಕೆ!" ಎಂದು ಕಿರುಚುತ್ತಿದ್ದಳು. ಹಾಗೆ ಕಿರುಚುತ್ತಲೇ ಮೂರನೆಯ ದಿನ ಬೆಳಿಗ್ಗೆ ಬ್ರಾಗಾ ಎಂಬ ಊರು ತಲುಪಿದೆವು. ಊಟದ ಹೊತ್ತಿಗೆ ಮುಂದಿನ ಊರಿಗೆ ಹೊರಡಬೇಕಿತ್ತು.

ಊರನ್ನು ನಾನು ನೋಡಿದ್ದು ಕೆಳಗಿನಿಂದ. ಕಲ್ಲು ಹಾಸಿದ ಓಣಿಗಳು ಕಾಲಿಗೆ ಗುದ್ದುತ್ತಿದ್ದವು. ಬಲಗಾಲಿನವನು ಗೊಣಗಿದ, ನಾನು ಹುಮ್ಮಸ್ಸಿನಲ್ಲಿದ್ದೆ. ಗೋಡೆಗಳಿಗೆಲ್ಲ ನೀಲಿ ಚಿತ್ರದ ಟೈಲ್ಸು. ಮಾರುಕಟ್ಟೆಯ ಮೀನಿನ ಬುಟ್ಟಿಯ ಮುಂದೆ ವಾರಿಜ ಗಕ್ಕನೆ ನಿಂತು, "ಅಯ್ಯೋ, ನಮ್ಮ ಬೂತಾಯಿ!" ಎಂದು ನೆಂಟರನ್ನು ಕಂಡವಳಂತೆ ನಕ್ಕಳು.

ಓಣಿಯ ಕೊನೆಯಲ್ಲಿ ಒಂದು ಹಳೆಯ ಇಗರ್ಜಿ, ಅದರ ಮೇಲೆ ಗೋಪುರ. ನೂರ ನಲವತ್ತು ಮೆಟ್ಟಿಲು. ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆಂದು ಬರೆದಿತ್ತು. ಆಗಲೇ ಹನ್ನೊಂದೂವರೆ.

"ಅಕ್ಕ, ನೀನು ಒಳಗೆ ತಣ್ಣಗೆ ಕೂತುಕೋ. ಬ್ಯಾಗ್ ನೋಡಿಕೋ, ನಾವು ಈಗ ಬಂದೆವು," ಎಂದ ಯಶೋಧರ. ಜಲಜಾಕ್ಷಿಯಮ್ಮ ತಲೆಯಾಡಿಸಿ ಅವರಿಬ್ಬರನ್ನೂ ಮೇಲೆ ಕಳಿಸಿದರು. ಆದರೆ ನನ್ನೊಳಗೆ ಅವರ ಬೆರಳುಗಳು ಬಿಗಿಯಾದವು. ಇವತ್ತು ಹತ್ತಿಯೇ ಹತ್ತುತ್ತಾರೆಂದು ನನಗೆ ತಿಳಿದುಹೋಯಿತು.

ಮೊದಲು ದೇವರಿಗೊಂದು ಕೈಮುಗಿಯಬೇಕಲ್ಲ? ದೇವರಿದ್ದಲ್ಲಿಗೆ ಶೂ ಹಾಕಿಕೊಂಡು ಹೋಗುವುದುಂಟೇ? ನಮ್ಮ ಊರಿನ ರೂಢಿಯಂತೆ ನಮ್ಮಿಬ್ಬರನ್ನೂ ಬಾಗಿಲ ಹೊರಗೆ ಒಪ್ಪವಾಗಿ ಬಿಟ್ಟು, ಬ್ಯಾಗ್ ಹೊತ್ತುಕೊಂಡು ಒಳಗೆ ಹೋದರು.

ಇಗರ್ಜಿ ನೋಡಿಕೊಳ್ಳುವ ಮುದುಕಿ ಅಲ್ಜಿರಾ ಪೊರಕೆ ಹಿಡಿದು ಬಂದಳು. ನನ್ನನ್ನು ಕಂಡಳು, ಎತ್ತಿದಳು, ದಪ್ಪ ಅಟ್ಟೆಯನ್ನು ತಿರುಗಿಸಿ ನೋಡಿದಳು. ಪೊರಕೆ ಕೈಜಾರಿತು. "ಮಿಲಾಗ್ರೆ!" ಎಂದು ಕೂಗಿ ನನಗೆ ಮುತ್ತಿಟ್ಟಳು! ಹುಟ್ಟಿದಾಗಿನಿಂದ ಯಾರೂ ನನಗೆ ಮುತ್ತಿಟ್ಟಿರಲಿಲ್ಲ. ನಮ್ಮ ಕಡೆ ದೇವರಿಗೆ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುವುದಿಲ್ಲವೇ? ಅಲ್ಲಿ ವಾಸಿಯಾದವರು ತಮ್ಮ ಊರುಗೋಲನ್ನೇ ಸಂತನ ಮುಂದೆ ಬಿಟ್ಟುಹೋಗುತ್ತಾರಂತೆ. ಯಾರೋ ಕುಂಟರು ನೆಟ್ಟಗೆ ನಡೆದುಹೋಗಿದ್ದಾರೆಂದೇ ಅಲ್ಜಿರಾ ತಿಳಿದಳು. ನಮ್ಮನ್ನು ಒಳಗೆ ಬದಿಯ ಮೂಲೆಯಲ್ಲಿದ್ದ ಸಂತನ ಮುಂದೆ ಒಯ್ದು, ಊರುಗೋಲುಗಳ ನಡುವೆ ಕೂರಿಸಿ ಮೇಣದ ಬತ್ತಿ ಹಚ್ಚಿದಳು. ಇನ್ನೂ ಮೂವರು ಅಜ್ಜಿಯರು ಓಡಿಬಂದು ಶಿಲುಬೆಯ ಗುರುತು ಮಾಡಿದರು.

ಇತ್ತ ಜಲಜಾಕ್ಷಿಯಮ್ಮ ಬಾಗಿಲಿಗೆ ಬಂದು ನೋಡಿದರೆ ಶೂ ಇಲ್ಲ. ನಾನಿಲ್ಲದೆ ಅವರು ಹತ್ತು ಮೆಟ್ಟಿಲೂ ಹತ್ತಲಾರರು. ಗಂಟೆ ಹನ್ನೆರಡಾಗಲು ಹತ್ತೇ ನಿಮಿಷ. ಅಳು ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ "ಮಿಲಾಗ್ರೆ, ಮಿಲಾಗ್ರೆ" ಎಂಬ ಗದ್ದಲ ಕೇಳಿಸಿತು. ಮಂಗಳೂರಿನಲ್ಲಿ ಮಿಲಾಗ್ರಿಸ್ ಸ್ಟಾಪಿನಲ್ಲಿ ದಿನವೂ ಬಸ್ಸಿಳಿಯುವವರು ಅವರು; ಅದರರ್ಥ ಪವಾಡವೆಂದು ಗೊತ್ತಿತ್ತು. ಏನು ಪವಾಡವೆಂದು ನೋಡಲು ಹೋದರೆ, ದೀಪದ ಬೆಳಕಿನಲ್ಲಿ ನಾನು!

ಅವರು ಕಾಲ್ಚೀಲದಲ್ಲಿ ಕುಂಟುತ್ತ ಬಂದದ್ದನ್ನು ಕಂಡು ಅಜ್ಜಿಯರ ಮುಖ ಇಳಿದುಹೋಯಿತು. ಜಲಜಾಕ್ಷಿಯಮ್ಮನಿಗೆ ಎಲ್ಲವೂ ಅರ್ಥವಾಗಿ ನಾಚಿಕೆಯಾಯಿತು. "ನನ್ನದೇ... ತಪ್ಪಾಯ್ತು ಮಾರಾಯ್ರೆ," ಎಂದು ಕನ್ನಡದಲ್ಲೇ ಹೇಳಿ, ನನ್ನನ್ನು ತೋರಿಸಿದರು, ತಮ್ಮ ಕಾಲು ತೋರಿಸಿದರು, ಮತ್ತೆ ಗೋಪುರದ ಬಾಗಿಲು ತೋರಿಸಿದರು.

ಅಲ್ಜಿರಾ ನನ್ನನ್ನೂ ಅವರ ಕಾಲನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾನೇ ಮಂಡಿಯೂರಿ ನಮ್ಮನ್ನು ತೊಡಿಸಿ ಲೇಸು ಬಿಗಿದಳು. ಗೋಪುರದ ಬೀಗದ ಕೈಯನ್ನು ಜೇಬಿಗಿಳಿಸಿ, ಬ್ಯಾಗನ್ನು ಆ ಮೂವರು ಅಜ್ಜಿಯರ ಮಡಿಲಿಗೆ ಹಾಕಿ, ಜಲಜಾಕ್ಷಿಯಮ್ಮನ ತೋಳು ಹಿಡಿದಳು.

ಅಬ್ಬಬ್ಬಾ, ಆ ಮೆಟ್ಟಿಲುಗಳು! ಸವೆದ, ಸುರುಳಿ ಸುತ್ತಿದ ಕಲ್ಲು. ನಲವತ್ತಕ್ಕೊಮ್ಮೆ ನಿಂತರು, ಎಂಬತ್ತಕ್ಕೆ ಕೂತರು, ನೂರಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಏದುಸಿರಿನಲ್ಲೇ ನಕ್ಕರು. ನಾನು ಒಂದು ಸಲವೂ ಜಾರಲಿಲ್ಲ.

ಮೇಲೆ ಯಶೋಧರನ ಫೋಟೋ ಇನ್ನೂ ಮುಗಿದಿರಲಿಲ್ಲ. ತಿರುಗಿ ನೋಡಿ ಬೆಚ್ಚಿಬಿದ್ದ. "ಅಕ್ಕ! ಬ್ಯಾಗ್ ಎಲ್ಲುಂಟು?"

"ಕೆಳಗುಂಟು. ಮೂವರು ನೋಡಿಕೊಳ್ತಿದ್ದಾರೆ. ನೀನು ಸ್ವಲ್ಪ ಅತ್ತ ಸರಿ, ನನಗೆ ಕಾಣುವುದಿಲ್ಲ."

ಕೆಂಪು ಹಂಚಿನ ಮಾಡುಗಳು, ಓಣಿಗಳು, ಆಚೆಗೆ ಹಸುರು ಗುಡ್ಡಗಳು. ಜಲಜಾಕ್ಷಿಯಮ್ಮ ಗೋಡೆಗೆ ಎದೆಯಾನಿಸಿ, ತುದಿಗಾಲಿನಲ್ಲಿ ನಿಂತು ನೋಡಿದರು. ಅಷ್ಟು ಸಂತೋಷದ ಭಾರವನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅವರ ಬೆಟ್ಟ ಹತ್ತುವ ಕೆಲಸ ಗೊಮ್ಮಟನ ಬೆಟ್ಟದಿಂದಲೇ ಶುರುವಾಯಿತು. ಬುಡದ ತನಕ ನನ್ನ ಪಾಳಿ, ಮುಂದೆ ಶೂ ಹಾಕುವಂತಿಲ್ಲವಾದ್ದರಿಂದ ಐತಪ್ಪಣ್ಣ ಮಾಡಿಕೊಟ್ಟ ದಪ್ಪ ಅಟ್ಟೆಯ ಬಟ್ಟೆಯ ಮೆಟ್ಟಿನದು. ಶೂ ಬಿಡಬೇಕಿಲ್ಲದ ಬಾಕಿ ಗುಡ್ಡಗಳಿಗೆಲ್ಲ ನಾನೇ. ಏಳು ವರ್ಷಕ್ಕೆ ನನ್ನ ಅಟ್ಟೆ ಸೀಳಿತು. ಐತಪ್ಪಣ್ಣನೇ ಕೈಚೆಲ್ಲಿ ಹೊಸ ಜೋಡಿ ಮಾಡಿದರು. ಜಲಜಾಕ್ಷಿಯಮ್ಮ ನಮ್ಮನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬ್ರಾಗಾದ ಆ ಇಗರ್ಜಿಯ ವಿಳಾಸ ಬರೆದರು.

"ಕಾಲು ವಾಸಿಯಾಗ್ಲಿಲ್ವಲ್ಲ ಅಕ್ಕ, ಮತ್ತೆ ಹರಕೆ ಎಂತದ್ದಕ್ಕೆ?" ಎಂದ ಯಶೋಧರ.

"ಕಾಲು ವಾಸಿ ಮಾಡು ಅಂತ ನಾನೆಲ್ಲಿ ಕೇಳಿದ್ದೆ? ಹತ್ತಿಸು ಅಂತ ಕೇಳಿದ್ದು."

ಈಗ ನಾನು ಮತ್ತೆ ಆ ಸಂತನ ಮುಂದಿದ್ದೇನೆ. ಅಲ್ಜಿರಾ ವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ. ಸುತ್ತಲಿನ ಊರುಗೋಲುಗಳೆಲ್ಲ ವಾಸಿಯಾದವರು ಇನ್ನು ಬೇಡವೆಂದು ಬಿಟ್ಟುಹೋದಂಥವು. ಇಲ್ಲಿ ಸವೆದು ಬಂದವನು ನಾನೊಬ್ಬನೇ.