ಬೇಸಿಗೆಯಲ್ಲಿ ಮಲಗುವ ಗಡ್ಡೆ

ಗುರುಬಸಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಬೇಸಿಗೆ. ಹೊನ್ನೂರಿನ ಮನೆಯ ಹಿತ್ತಿಲಲ್ಲಿ ಅವಳ ಕುಂಡ ಅಡ್ಡಲಾಗಿ ಬಿದ್ದಿತ್ತು. ಎಲೆಗಳು ಒಣಗಿ ಹುಲ್ಲಾಗಿದ್ದವು.

ಕೊಳ್ಳೇಗಾಲವಿನ್ನೂ ಮದರಾಸಿಗೆ ಸೇರಿದ್ದ ಕಾಲ. ಕಾಮಗೆರೆಯಲ್ಲಿ ದಾದಿಯಾಗಿದ್ದ ಪರದೇಶದ ಹೆಂಗಸೊಬ್ಬಳು ತನ್ನೂರಿಗೆ ಹಿಂದಿರುಗುವಾಗ ಆ ಗಡ್ಡೆಗಳನ್ನು ಗುರುಬಸಮ್ಮನಿಗೆ ಕೊಟ್ಟಿದ್ದಳು. ನೋಡಲು ಈರುಳ್ಳಿಯೇ. ನಮ್ಮ ಅರಿಸಿನ, ಸುವರ್ಣಗೆಡ್ಡೆ ಮಳೆಗೆ ಏಳುತ್ತವೆ. ಇದು ಚಳಿಗೆ ಎದ್ದು, ಪುಷ್ಯದಲ್ಲಿ ಬಿಳಿಯ ಗೊಂಚಲು ಬಿಟ್ಟು, ಯುಗಾದಿಯ ಹೊತ್ತಿಗೆ ಒಣಗಿ ಮಲಗುತ್ತಿತ್ತು. ಆಗ ನೀರು ಬಿದ್ದರೆ ಕೊಳೆಯುತ್ತದೆಂದು ಗುರುಬಸಮ್ಮ ಕುಂಡವನ್ನೇ ಉರುಳಿಸಿಡುತ್ತಿದ್ದಳು. ಚೆಂಬು ಹಿಡಿದು ಬಂದ ಗಂಡ ಸದಾಶಿವಪ್ಪನನ್ನು, "ಮಲಗಿರೋರ ಮೊಕಕ್ಕೆ ನೀರು ಉಯ್ತಾರಾ? ಆ ಕಡೀಕೆ ಓಗಿ" ಎಂದು ಓಡಿಸುತ್ತಿದ್ದಳು.

ಈಗ ಓಡಿಸುವವರಿಲ್ಲ; ಈ ಸಲ ಕುಂಡ ಉರುಳಿಸಿಟ್ಟವನೂ ಅವನೇ. ಸದಾಶಿವಪ್ಪ ಹುಟ್ಟಿನಿಂದ ಗದ್ದೆಯವನು; ಒಣಗಿದ್ದನ್ನು ನೋಡಿ ಸುಮ್ಮನೆ ದಾಟುವುದು ಅವನ ಕೈಗೆ ಗೊತ್ತಿರಲಿಲ್ಲ. ಅವಳು ಬೆಳೆಸಿದ್ದರಲ್ಲಿ ಉಳಿದದ್ದು ಅದೊಂದೇ. ದಿನಾ ದಾಸವಾಳಕ್ಕೆ ನೀರು ಹಾಕಿ, ಕೈ ಕುಂಡದತ್ತ ಹೋಗದಿರಲೆಂದು ಚೆಂಬಿನಲ್ಲಿ ಉಳಿದದ್ದನ್ನು ತಾನೇ ಕುಡಿದುಬಿಡುತ್ತಿದ್ದ.

ಹನೂರಿನ ಮಗಳ ಮನೆಯಲ್ಲಿ ವಾರವಿದ್ದು ಬಂದಾಗ ಕುಂಡ ನೆಟ್ಟಗೆ ನಿಂತಿತ್ತು. ಮಣ್ಣು ಒದ್ದೆ.

"ಯಾರು ಉಯ್ದೋರು?"

"ನಾನೇ ಮಾವ," ಎಂದಳು ಸೊಸೆ ಶಿವರತ್ನಮ್ಮ. "ಅತ್ತೆ ಗಿಡ ಬಾಯಿ ಬುಟ್ಕಂಡು ಬಿದ್ದಿತ್ತು. ಪಕ್ಕದ ಮನೆಯೋರು ಆಡ್ಕತಾವ್ರೆ. ಅಕ್ಕಿ ತೊಳ್ದ ನೀರು ತಂಪು ಅಂತ ಉಯ್ದೆ."

ಅವನು ಕುಂಡ ಬೋರಲು ಹಾಕಿದ. ಗಡ್ಡೆಗಳನ್ನು ಒತ್ತಿದರೆ ಬೆರಳು ಒಳಗಿಳಿಯಿತು. ಒಂದು ಮಾತ್ರ ಗಟ್ಟಿಯಾಗಿತ್ತು.

"ನಾನೇ ಕೊಳೆಸ್ಬುಟ್ನಲ್ಲಾ ಮಾವ."

"ನೀನು ಉಯ್ದೆ ಇದ್ರೆ ನಾನೇ ಉಯ್ತಿದ್ದೆ, ಬುಡವ್ವ."

ಉಳಿದ ಗಡ್ಡೆಯನ್ನು ಟವೆಲಿನಲ್ಲಿ ಒರೆಸಿ, ಅಟ್ಟ ಹತ್ತಿದ. ಬಿತ್ತನೆಯ ಅವರೆಯನ್ನು ಬೂದಿಯಲ್ಲಿ ಹುದುಗಿಸಿಟ್ಟ ಮಡಕೆಯಿತ್ತು. ಗಡ್ಡೆಯನ್ನೂ ಅದರಲ್ಲೇ ಹುದುಗಿಸಿದ. "ಬಿತ್ತನೆಗೆ ಯಾರ್ಲಾ ನೀರು ಉಯ್ತಾರೆ," ಎಂದು ತನಗೇ ಹೇಳಿಕೊಂಡ. ಅಂದಿನಿಂದ ನೀರು ಹಾಕಲು ಕೈ ತುಡಿಯಲಿಲ್ಲ.

ಕಾರ್ತೀಕದಲ್ಲಿ ನೆಟ್ಟ. ಪುಷ್ಯದ ಒಂದು ಬೆಳಿಗ್ಗೆ ಗೊಂಚಲು ಬಿರಿಯಿತು.

ಇಷ್ಟು ವರ್ಷ ಅದು ಅರಳುವ ಹೊತ್ತಿಗೆ ಅವನು ಕಣದಲ್ಲಿರುತ್ತಿದ್ದ. ಗುರುಬಸಮ್ಮ ಬುತ್ತಿಯ ಜೊತೆ ಹೇಳಿಕಳಿಸುತ್ತಿದ್ದಳು: ಊವ ಬುಟ್ಟದೆ, ಬಂದು ನೋಡ್ಕಂಡು ಓಗ್ಲಿ. ಬತ್ತೀನಿ ಅನ್ನು ಎನ್ನುತ್ತಿದ್ದ. ಹೋಗುವಷ್ಟರಲ್ಲಿ ಹೂ ಬಾಡಿರುತ್ತಿತ್ತು. ಇಷ್ಟು ಘಮವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮಗ ಬಾಗಿಲಲ್ಲಿ ನಿಂತು ಕೂಗಿದ. "ಅಪ್ಪ, ಗಾಳಿ ಬಂದದೆ. ಬತ್ತ ತೂರ್ಬೇಕು, ಬಾ."

"ಬತ್ತೀನಿ ಓಗ್ಲಾ," ಎಂದ ಸದಾಶಿವಪ್ಪ, ಕುಂಡದ ಪಕ್ಕಕ್ಕೆ ಇನ್ನೂ ಸರಿದು ಕುಳಿತು.