ನಿನ್ನೆಯ ತಾಟು

ತಾಟು ಗೋಡೆಗೆ ಒರಗಿಕೊಂಡು ಥಳಥಳ ಹೊಳೆಯುತ್ತಿತ್ತು. ಪಡಸಾಲೆಯ ನೆಲವನ್ನೂ ಒರೆಸಿಯಾಗಿತ್ತು. ವೈಷ್ಣವಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವಳ ಮೊಬೈಲಿನಲ್ಲಿ ನಿನ್ನೆ ಸಂಜೆ ತೆಗೆದ ಫೋಟೊ ಇತ್ತು: ಇದೇ ತಾಟು, ಅರ್ಧ ತಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಕಚ್ಚಿಟ್ಟ ಉಳ್ಳಾಗಡ್ಡಿ. ಸಿನಿಮಾದ ನಾಯಕ ಉಣ್ಣುತ್ತ ಉಣ್ಣುತ್ತ ಸಿಟ್ಟಿನಿಂದ ಎದ್ದುಹೋಗುವ ದೃಶ್ಯ ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಇಂದು ಇದೇ ತಾಟಿನ ಮುಂದೆ ತೆಗೆಯಬೇಕಿತ್ತು.

ಹೀಗೆ ಅರ್ಧಕ್ಕೆ ಬಿಟ್ಟ ಜಾಗಕ್ಕೆ ಶೂಟಿಂಗಿನವರು 'ಹಾಟ್ ಸೆಟ್' ಅನ್ನುತ್ತಾರೆ. ಅಲ್ಲಿ ಒಂದು ಕಡ್ಡಿಯನ್ನೂ ಯಾರೂ ಅಲುಗಿಸುವಂತಿಲ್ಲ. ಉದಗೀರದ ಕಾಲೇಜು ಮುಗಿಸಿ ನೇರ ಈ ಸಹಾಯಕಿ ಕೆಲಸಕ್ಕೆ ಬಂದಿದ್ದ ವೈಷ್ಣವಿ ಇದನ್ನು ಬಂದ ಹೊಸದರಲ್ಲೇ ಕಲಿತಿದ್ದಳು. ವಾಕಿಟಾಕಿಯಲ್ಲಿ 'ಹೂಂ' ಅನ್ನಬಾರದು, 'ಕಾಪಿ' ಅನ್ನಬೇಕು ಎನ್ನುವುದನ್ನು ಮಾತ್ರ ಬೈಸಿಕೊಂಡು ಕಲಿತಳು. ಕಾಪಿ ಅಂದರೆ, ಕೇಳಿಸಿತು, ಆಯಿತು ಅಂತ. "ಇನ್ನೊಂದ್ ಚೂಕ್ ಆದ್ರ ಉದಗೀರ ಬಸ್ ಹತ್ತು" ಅಂದಿದ್ದ ರವಿಕಾಂತ. ಸೋಲಾಪುರದವನು, ನಿರ್ದೇಶಕರ ಮುಖ್ಯ ಸಹಾಯಕ.

ನಿನ್ನೆ ಪ್ಯಾಕಪ್ ಆದಾಗ ಅವನ ದನಿ ವಾಕಿಟಾಕಿಯಲ್ಲಿ ಕೇಳಿತ್ತು. "ಮನ್ಯಾಗಿನ್ ಮಂದಿಗಿ ಹೇಳಿದಿ? ತಾಟ ಮುಟ್ಟಬ್ಯಾಡ್ರಿ ಅಂತ?"

"ಕಾಪಿ" ಅಂದಿದ್ದಳು.

ಹೇಳಿರಲಿಲ್ಲ. ಹೇಳಬೇಕೆಂದೇ ಅದಕ್ಕೂ ಮೊದಲು ಅಡುಗೆಮನೆಗೆ ಹೋಗಿದ್ದಳು. ಗುಂಜೋಟಿಯ ಈ ಮನೆ ಪಂಚಯ್ಯ ಸ್ವಾಮಿಗಳದು. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುವ ಮಂದಿ. ಅವರ ಹೆಂಡತಿ ಜಗದೇವಿ ಒಲೆಯ ಮುಂದೆ ಕೂತು ಪಡಸಾಲೆಯತ್ತಲೇ ನೋಡುತ್ತಿದ್ದಳು.

"ಆ ತಮ್ಮಗ ಪಲ್ಯ ಖಾರ ಆಯ್ತೇನವ್ವ? ಅರ್ಧಾಕ್ಕೇ ಎದ್ದ."

"ಇಲ್ಲ ಆಯೀ, ಕಥ್ಯಾಗ ಹಂಗ ಅದ."

"ಕಥ್ಯಾಗ ಏಳಲಿ. ರೊಟ್ಟಿ ಖರೇದೇ ಅಲ್ಲೇನು?"

ಎಂಜಲು ತಾಟು ಬೆಳಗಿನವರೆಗೆ ಹೀಗೇ ಬಿದ್ದಿರಲಿ ಅನ್ನುವ ಮಾತು ಆ ಮುಖದ ಮುಂದೆ ನಾಲಿಗೆಗೆ ಬರಲಿಲ್ಲ. ಜಗದೇವಿ ಕೊಟ್ಟ ಹಾಲು ಕುಡಿದು ಹೊರಬಂದಿದ್ದಳು.

"ಯಾರ್ ತೊಳದಾರ ಇದು?"

ಈಗ ರವಿಕಾಂತ ಅವಳ ಹಿಂದೆಯೇ ಬಂದು ನಿಂತಿದ್ದ. ದೀಪಗಳ ತಂತಿ ಎಳೆಯುತ್ತಿದ್ದ ಹುಡುಗರು ಕೈ ನಿಲ್ಲಿಸಿದರು. "ವೈಷ್ಣವಿ, ನೀ ಹೇಳಿದ್ದಿ ಇಲ್ಲ?"

ಜಗದೇವಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಒಳಗಿನಿಂದ ಬಂದಳು. ತಾಟು ನೋಡಿದಳು. ಹುಡುಗಿಯ ಮುಖ ನೋಡಿದಳು.

"ಈ ಪೋರಿ ಹೇಳಿತ್ತಪ್ಪ. ನಾನೇ ಮರ್ತ. ವಯಸ್ಸಾಯ್ತು, ನೆಪ್ಪ ಉಳ್ಯಲ್ದಂಗ ಆಗ್ಯದ."

ವೈಷ್ಣವಿ ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದಿಂದ ಪಂಚಯ್ಯನ ಗದರು ಬಂತು. "ಹೇಳಿದ್ ಮ್ಯಾಲೂ ತೊಳದೀ? ಅಕಲ್ ಅದ ಇಲ್ಲ ನಿನಗ? ನಾಕ್ ಮಂದ್ಯಾಗ ನನ್ನ ಮಾರಿ ತಗ್ಗಸ್ತಿ!" ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ವೈಷ್ಣವಿ ಬಾಯಿ ಮುಚ್ಚಿದಳು.

ರವಿಕಾಂತ ಸೊಂಟಕ್ಕೆ ನೇತುಹಾಕಿದ್ದ ಕಪ್ಪು ಟೇಪು ಬಿಚ್ಚಿ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಅಂಟಿಸಿದ. "ಆಯೀ, ಸಿಟ್ಟ ಮಾಡ್ಕೋಬ್ಯಾಡ್ರಿ. ಶೂಟಿಂಗ್ ಮುಗಿಯೋತನ ಈ ಪಟ್ಟಿ ದಾಟಿ ಬರಬ್ಯಾಡ್ರಿ."

ದೇವರ ಮಾಡ ಪಡಸಾಲೆಯ ಗೋಡೆಯಲ್ಲಿತ್ತು. ಜಗದೇವಿ ಒಮ್ಮೆ ಅಲ್ಲಿನ ದೀಪದತ್ತ ನೋಡಿ, "ಆಯ್ತಪ್ಪ" ಎಂದು ಟೇಪಿನ ಕೆಳಗೆ ಬಗ್ಗಿ ಒಳಗೆ ಹೋದಳು.

"ಫೋಟೊ ನೋಡಿ ತಾಟ ಹಂಗೇ ಮಾಡು" ಎಂದ ರವಿಕಾಂತ. "ಕೈಲೆ ಹರೀಬ್ಯಾಡ, ತಿನ್ನು. ಕಚ್ಚಿದ್ದು ಕಚ್ಚಿದಂಗೇ ಕಾಣಬೇಕು." ಅವನು ಅಂಗಳಕ್ಕೆ ಇಳಿದ. ಹುಡುಗರೂ ತಂತಿಯ ಸುರುಳಿ ಹೊತ್ತು ಹೋದರು.

ವೈಷ್ಣವಿ ತಾಟಿನ ಮುಂದೆ ಕೂತಳು. ಟೇಪಿನ ಆಚೆಯಿಂದ ರೊಟ್ಟಿ ಬಂತು, ಪಲ್ಯ ಬಂತು, ಉಳ್ಳಾಗಡ್ಡಿ ಬಂತು.

"ಬಿಸೀ ಅದ, ಜ್ವಾಕಿ."

"ಆಯೀ, ಯಾಕ್ ಹಂಗ ಅಂದ್ರಿ? ನಾ ಹೋಗಿ ಖರೇ ಹೇಳ್ತೀನಿ."

"ಹೇಳಿ? ಬಸ್ ಹತ್ತತಿ? ಆ ಡಬ್ಬ್ಯಾಗ ಅಂವಾ ಬೈಯ್ಯೋದು ಇಡೀ ಓಣಿ ಕೇಳ್ಯದ." ಜಗದೇವಿ ಹೊಸ್ತಿಲ ಆಚೆಯೇ ಮೊಣಕಾಲು ಮಡಚಿ ಕೂತಳು. "ಅದಿರಲಿ, ನಿನ್ನಿ ಹೋಗಾಗ ಡಬ್ಬ್ಯಾಗ ಏನೋ ಅಂದೆಲ್ಲ, ಕಾಪಿ ಅಂತ. ಏನ್ ಅದು?"

"ಕೇಳಸ್ತು ಅಂತ, ಆಯೀ."

"ಅಷ್ಟೇ?"

ವೈಷ್ಣವಿ ರೊಟ್ಟಿಗೆ ಪಲ್ಯ ಹಚ್ಚಿ ಕಚ್ಚಿದಳು. ಪಲ್ಯ ಖಾರವಿರಲಿಲ್ಲ. ಮತ್ತೊಂದು ತುತ್ತು ತಿಂದಳು, ಮತ್ತೊಂದು. ಫೋಟೊ ನೋಡಿದಾಗ ರೊಟ್ಟಿ ಅಲ್ಲಿದ್ದುದಕ್ಕಿಂತ ಬಹಳ ಸಣ್ಣದಾಗಿಬಿಟ್ಟಿತ್ತು.

ಸೊಂಟದ ವಾಕಿಟಾಕಿ ಗರಗರ ಅಂದಿತು. "ವೈಷ್ಣವಿ, ತಾಟ ರೆಡಿ ಆದ್ ಕೂಡ್ಲೇ ಹೇಳು. ಮತ್ತ ಆ ಆಯೀ ಹೊರಗ ಬರಬಾರ್ದು. ಕಾಪಿ?"

ಅವಳ ಬಾಯಿ ತುಂಬಿತ್ತು. ಟೇಪಿನ ಕೆಳಗಿನಿಂದ ಇನ್ನೊಂದು ರೊಟ್ಟಿ ಹಿಡಿದ ಕೈ ಚಾಚಿಕೊಂಡು ಕಾಯುತ್ತಿತ್ತು.