ಅಣ್ಣ ಅತ್ತಿಗೆಗೆ ಬರೆದದ್ದು

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ವಸಂತನನ್ನೋ ಆ ಯಂತ್ರವನ್ನೋ ಬೈಯುತ್ತಾ ಕೂರುವುದು ಬೇಡ. ವಸಂತ ಎಚ್ಚರಿಕೆ ಕೊಟ್ಟಿದ್ದ. ಯಂತ್ರ ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡಿತು. ನಮ್ಮ ಅತ್ತಿಗೆ ಗೋದಾ ಅಂತೂ, ಪಾಪ, ಮೊದಲ ದಿನವೇ ಬೇಡ ಅಂದಿದ್ದರು. ಅವರ ಮಾತು ಕೇಳುವ ಅಭ್ಯಾಸ ನನಗಿರಲಿಲ್ಲ.

ನನ್ನ ಅಣ್ಣ ಶ್ರೀಹರಿ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಕ್ಲಾಸಿನಲ್ಲಿ ಅವನ ಗಂಟಲು ಆಚೆ ರಸ್ತೆಯವರೆಗೂ ಕೇಳುತ್ತಿತ್ತಂತೆ. ಮನೆಗೆ ಬಂದರೆ ಮಾತ್ರ ಮೌನ. ಕಾಫಿ, ಸಾರು, ಪೇಪರು, ಅಷ್ಟೇ ಅವನ ಮಾತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಅತ್ತಿಗೆಗೂ ಅದಕ್ಕಿಂತ ಹೆಚ್ಚು ಸಿಕ್ಕಿರಲಿಲ್ಲ. ಮಕ್ಕಳಿಲ್ಲದ ಮನೆ. ಮದುವೆಯಾಗದೆ ಉಳಿದ ನಾನೂ ಚಾಮರಾಜಪೇಟೆಯ ಆ ಮನೆಯಲ್ಲೇ ಇದ್ದೆ. ಮನೆಯ ಮಾತೆಲ್ಲ ನಾನೊಬ್ಬಳೇ ಆಡುತ್ತಿದ್ದೆ ಅಂದರೂ ಸರಿಯೆ.

ಎರಡು ಸಾವಿರದ ಒಂದನೇ ಇಸವಿ, ದೀಪಾವಳಿ ಕಳೆದ ಮೇಲೆ ಅಣ್ಣನ ಗಂಟಲಲ್ಲಿ ಕ್ಯಾನ್ಸರ್ ಅಂದರು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದ. ಮಾತು ಆಡಬೇಕಾದರೆ ಬರೆದೇ ಆಡಬೇಕು. ಮೊದಲು ಸ್ಲೇಟು ತಂದೆವು. ಬಳಪದ ಪುಡಿ ಆ ತೂತಿಗೆ ಹೋಗಿ ಕೆಮ್ಮಿ ಕೆಮ್ಮಿ ಒದ್ದಾಡಿದ. ಆಮೇಲೆ ನೋಟ್‌ಬುಕ್ಕು. ಅದರದ್ದು ಬೇರೆ ಗೋಳು. ನೋಡೋಕೆ ಬಂದ ನೆಂಟರೆಲ್ಲ ಹಿಂದಿನ ಹಾಳೆಗಳನ್ನು ತಿರುವಿ ಹಾಕುವರು, ಅವನು ಡಾಕ್ಟರಿಗೆ ಏನು ಕೇಳಿದ, ಹೆಂಡತಿಗೆ ಏನು ಹೇಳಿದ ಎಲ್ಲ ಓದುವರು. ಸುಳ್ಳೇಕೆ, ನಾನೂ ಓದುತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಅಣ್ಣ ಬರೆಯುವುದನ್ನೇ ಕಡಿಮೆ ಮಾಡಿದ.

ವಸಂತ ಅವನ ಹಳೇ ವಿದ್ಯಾರ್ಥಿ. ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ. ಮೇಷ್ಟ್ರನ್ನು ನೋಡಲು ಬಂದವನು ಮುಂದಿನ ಭಾನುವಾರ ಎರಡು ಪೆಟ್ಟಿಗೆ ಹಿಡಿದುಕೊಂಡು ಮತ್ತೆ ಬಂದ.

"ಕೈಯಲ್ಲಿ ಹಿಡ್ಕೊಳೋ ಕಂಪ್ಯೂಟರ್ ಸಾರ್. ಒಂದು ಪಾಮ್, ಇನ್ನೊಂದು ಪಾಕೆಟ್ ಪಿಸಿ. ಎರಡೂ ಬೇರೆ ಬೇರೆ ಜಾತಿ. ಒಂದ್ರಲ್ಲಿ ಬರೆದಿದ್ದು ಇನ್ನೊಂದ್ರಲ್ಲಿ ಬರಲ್ಲ. ನೋಡಿ, ನಿಮಗೆ ಯಾವುದು ಒಗ್ಗುತ್ತೋ ಇಟ್ಕೊಳ್ಳಿ. ಕಾಸಿನ ಮಾತು ಮಾತ್ರ ಎತ್ತಬೇಡಿ."

ಪಾಮ್ ಬೂದು ಬಣ್ಣದ್ದು, ಹಗುರ. ಟೀವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡು ಹಾಕಿದರೆ ತಿಂಗಳು ನಡೆಯುತ್ತದೆ. ಆದರೆ ಇಂಗ್ಲಿಷ್ ಅಕ್ಷರವೇ ಬೇಕು, ಅದನ್ನೂ ಅದು ಹೇಳಿದ ಹಾಗೇ ಗೀಚಬೇಕು. ಎ ಬರೆದರೆ ನಡುವಿನ ಗೆರೆ ಹಾಕುವಂತಿಲ್ಲ. ಇನ್ನೊಂದಕ್ಕೆ ಬಣ್ಣದ ಪರದೆ. ಜೊತೆಗೆ ಬಂದ ಪೆನ್ನಿನಂಥ ಕಡ್ಡಿ ಹಿಡಿದು ಅದರ ಮೇಲೆ ಏನು ಬೇಕಾದರೂ ಬರೆಯಬಹುದು, ಕಾಗದದ ಮೇಲೆ ಬರೆದ ಹಾಗೇ ಉಳಿಯುತ್ತದೆ. ಅಣ್ಣ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು 'ಅ' ಬರೆದ. ಆ, ಇ, ಈ ಬರೆದ. ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರ. ಅವನ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

"ಇದೇ ಇರ್ಲಿ ವಸಂತ," ಎಂದೆ.

"ಒಂದು ಮಾತು ಮೇಡಂ. ಇದಕ್ಕೆ ದಿನಾ ಚಾರ್ಜ್ ಹಾಕ್ಲೇಬೇಕು. ಆಫ್ ಮಾಡಿಟ್ರೂ ಒಳಗೊಳಗೇ ಇಳೀತಿರುತ್ತೆ. ಪೂರ್ತಿ ಖಾಲಿ ಆಯ್ತೋ, ಬರೆದಿದ್ದೆಲ್ಲ ಹೋಗ್ಬಿಡುತ್ತೆ. ಮತ್ತೆ ತರ್ಸೋಕಾಗಲ್ಲ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡರು. "ಹಾಗಾದ್ರೆ ಸೆಲ್ ಹಾಕೋದೇ ವಾಸಿ ಅಲ್ವೇನೇ? ಮೂಲೆ ಅಂಗಡೀಲೇ ಸಿಗುತ್ತೆ. ನಾನೂ ಹಾಕ್ಬಹುದು."

"ಅತ್ತಿಗೆ, ಇದೇನು ಟಾರ್ಚಾ?" ಎಂದು ನಾನು ನಕ್ಕೆ. "ಜೀವಮಾನವೆಲ್ಲ ಕನ್ನಡ ಕಲಿಸಿದವನು ಈಗ ಕೂತ್ಕೊಂಡು ಎಬಿಸಿಡಿ ತಿದ್ಬೇಕಾ? ನಿಮಗಿದೆಲ್ಲ ತಿಳಿಯಲ್ಲ, ಸುಮ್ನಿರಿ. ಚಾರ್ಜ್ ಹಾಕೋ ಜವಾಬ್ದಾರಿ ನಂದು."

ಅಣ್ಣ ಅತ್ತಿಗೆಯ ಕಡೆ ನೋಡಿದ. ಪರದೆಯ ಮೇಲೆ 'ಅವಳು ಹೇಳೋದೂ ಸರಿ' ಎಂದು ಬರೆದು ನನಗೆ ತೋರಿಸಿದ. ನಾನು ಕಡ್ಡಿಯಿಂದ ಅದನ್ನು ಅಳಿಸಿ, ಪಾಮ್ ಅನ್ನು ಪೆಟ್ಟಿಗೆಗೆ ತುಂಬಿ ವಸಂತನ ಕೈಗೆ ಕೊಟ್ಟೆ.

ಆಯ್ಕೆ ಕೆಟ್ಟದಾಗಿತ್ತು ಎಂದು ನಾನು ಈಗಲೂ ಹೇಳುವುದಿಲ್ಲ. ಐದು ತಿಂಗಳು ಅಣ್ಣ ಅದರಲ್ಲಿ ಮಾತಾಡಿದ. ಜೋಕು ಬರೆದ, ಜಗಳ ಆಡಿದ. ಹುಳಿಗೆ ಉಪ್ಪು ಜಾಸ್ತಿ ಎಂದು ಬರೆದು ಅತ್ತಿಗೆಯ ಮೂಗಿನ ಮುಂದೆ ಹಿಡಿದ. ನಾನು ಸಂಜೆ ಆಫೀಸಿನಿಂದ ಬಂದು, ಮುಖ ತೊಳೆದು, ಏಳು ಗಂಟೆಗೆ ಸರಿಯಾಗಿ ಅವನ ಮಂಚದ ಹತ್ತಿರ ಹೋಗಿ ಅದನ್ನು ಇಸಿದುಕೊಂಡು ಚಾರ್ಜಿಗೆ ಹಾಕುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಕರೆಂಟು ಹೋದ ದಿನ ಪಕ್ಕದ ಬೀದಿಯಲ್ಲಿ ಜನರೇಟರ್ ಇದ್ದವರ ಮನೆಗೆ ಹೋಗಿ ಕೂತು ಹಾಕಿಸಿಕೊಂಡು ಬಂದಿದ್ದೇನೆ. ಆಫೀಸಿನ ಕಂಪ್ಯೂಟರಿಗೆ ಹಾಕಿ ಒಂದು ಕಾಪಿ ತೆಗೆದಿಡಿ ಎಂದೂ ವಸಂತ ಹೇಳಿದ್ದ. ಅದನ್ನು ನಾಳೆ ನಾಳೆ ಎಂದು ಮುಂದೂಡಿದೆ.

ಏಪ್ರಿಲಿನಲ್ಲಿ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ ಎಂದು ಗೊತ್ತಾಯಿತು. ಅಣ್ಣ ಯಾರ ಹತ್ತಿರವೂ ಆ ವಿಷಯ ಎತ್ತಲಿಲ್ಲ. ಮಧ್ಯಾಹ್ನ ಅತ್ತಿಗೆ ಮಲಗಿದ ಹೊತ್ತಿನಲ್ಲಿ ಗೋಡೆಯ ಕಡೆ ತಿರುಗಿ ಏನೋ ಬರೆಯಲು ಶುರು ಮಾಡಿದ. ಒಂದು ದಿನ ಎರಡು ದಿನ ಅಲ್ಲ, ಎರಡು ವಾರ. ರಜೆ ಹಾಕಿ ಮನೆಯಲ್ಲಿದ್ದ ನಾನು ಹತ್ತಿರ ಹೋದರೆ ಪರದೆ ಮುಚ್ಚಿಬಿಡುವನು.

"ಏನಣ್ಣಾ ಅಷ್ಟೊಂದು ಬರೀತಿದೀಯ?" ಎಂದು ಒಂದು ದಿನ ತಡೆಯಲಾರದೆ ಕೇಳಿದೆ.

ಅಣ್ಣ ಹೊಸದೊಂದು ಪುಟ ತೆಗೆದು ಬರೆದ: 'ಅವಳಿಗೆ. ನಾನು ಹೋದ ಮೇಲೆ ಕೊಡು. ನೀನು ಓದಬೇಡ.'

"ಥೂ, ಹೋಗೋ ಮಾತು ಯಾಕೋ?" ಎಂದು ಬೈದೆ. ಅವನು ಆ ಮೂರು ಸಾಲನ್ನು ಅಳಿಸಿ ಕಣ್ಣು ಮುಚ್ಚಿಕೊಂಡ. ಆ ಸಂಜೆ ಚಾರ್ಜಿಗೆ ಹಾಕುವಾಗ ಬರಹ ನನ್ನ ಕೈಯಲ್ಲೇ ಇತ್ತು. ಒಂದು ಸಲ ಕಡ್ಡಿ ತಗುಲಿಸಿದ್ದರೆ ತೆರೆದುಕೊಳ್ಳುತ್ತಿತ್ತು. ತಗುಲಿಸಲಿಲ್ಲ. ನನ್ನಂಥವಳಿಗೆ ಅದು ಎಷ್ಟು ಕಷ್ಟದ ಕೆಲಸ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಅಣ್ಣ ಹೋದದ್ದು ಮೇ ತಿಂಗಳ ಒಂದು ಮಂಗಳವಾರ, ಬೆಳಗಿನ ಕಾಫಿ ಹೊತ್ತಿಗೆ. ಹಿಂದಿನ ದಿನ ಸಂಜೆ ಆಸ್ಪತ್ರೆಗೆ ಓಡಾಡುವ ಗಡಿಬಿಡಿ. ಯಂತ್ರ ಚಾರ್ಜಿಗೆ ಹೋಗದೆ ಅವನ ದಿಂಬಿನ ಪಕ್ಕದಲ್ಲೇ ಉಳಿದಿತ್ತು.

ಮೂರನೆಯ ದಿನ ಅಸ್ಥಿಸಂಚಯನ ಮುಗಿಸಿ ಗಂಡಸರು ಬಂದು ಸ್ನಾನ ಮಾಡುತ್ತಿದ್ದರು. ಅಣ್ಣ ಹೇಳಿದ್ದನ್ನು ನಾನು ಅತ್ತಿಗೆಗೆ ಆಗಷ್ಟೇ ತಿಳಿಸಿದ್ದೆ. ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಅತ್ತಿಗೆ ಕೈ ಚಾಚಿದರು. "ಅದನ್ನ ಕೊಡ್ತೀಯಾ ಪ್ರಿಯಂವದಾ? ಈಗ್ಲೇ ಓದ್ತೀನಿ."

"ಈಗ ಬೇಡ ಅತ್ತಿಗೆ. ಮನೆ ತುಂಬ ಜನ. ನೀವು ಎಲ್ಲೋ ಏನೋ ಒತ್ತಿಬಿಟ್ರೆ ಅಳಿಸಿಹೋಗುತ್ತೆ, ಆಮೇಲೆ ಅತ್ರೂ ಬರಲ್ಲ. ಹದಿಮೂರು ಕಳೀಲಿ. ಎಲ್ರೂ ಹೋದ್ಮೇಲೆ ಸಮಾಧಾನವಾಗಿ ನಾನೇ ತೆಗೆದ್ಕೊಡ್ತೀನಿ."

"ಬರೀ ನೋಡ್ತೀನಿ ಅಷ್ಟೇ."

"ಬೇಡ ಅಂದ್ನಲ್ಲ!"

ಅವರು ಕೈ ಹಿಂದೆ ತೆಗೆದುಕೊಂಡರು. ನಾನು ಯಂತ್ರವನ್ನು ಅಣ್ಣನ ಅಂಗವಸ್ತ್ರದಲ್ಲಿ ಸುತ್ತಿ, ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೋಪಾನ ಮಾಡಿದೆ ಎಂದು ನನ್ನ ಮನಸ್ಸಿಗೆ ನೆಮ್ಮದಿಯೂ ಆಯಿತು, ನೋಡಿ.

ಆಮೇಲಿನ ದಿನಗಳಲ್ಲಿ ನನಗೆ ಎಲ್ಲ ನೆನಪಿತ್ತು. ಪುರೋಹಿತ ನರಸಿಂಹಯ್ಯನವರಿಗೆ ಬೇಕಾದ ಎಳ್ಳು, ದರ್ಭೆ, ಸಮಾರಾಧನೆಗೆ ಎಷ್ಟು ಎಲೆ, ಮೈಸೂರಿನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಅವರಿಗೆ ಬೇರೆ ಪಾಯಸ. ಮಂಚ ಮಡಿಚಿ ಮಹಡಿಗೆ ಸಾಗಿಸಿದ್ದರು. ಏಳು ಗಂಟೆಗೆ ನಾನು ಹೋಗಿ ನಿಲ್ಲುತ್ತಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಐದು ತಿಂಗಳು ತಪ್ಪದೆ ಮಾಡಿದ ಕೆಲಸ ಒಂದು ಸಂಜೆಯೂ ನೆನಪಾಗಲಿಲ್ಲ.

ಹದಿನಾಲ್ಕನೆಯ ದಿನ ಮನೆ ಖಾಲಿಯಾಯಿತು. ಬೆಳಗ್ಗೆ ಹತ್ತು ಗಂಟೆ. ಅತ್ತಿಗೆ ತಲೆ ಬಾಚಿಕೊಂಡು, ಕನ್ನಡಕವನ್ನು ಎರಡೆರಡು ಸಲ ಒರೆಸಿ, ನಡುಮನೆಯಲ್ಲಿ ಬಂದು ಕೂತರು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೈ ಜೋಡಿಸಿಕೊಂಡಿದ್ದರು. ನಾನು ಬೀರು ತೆಗೆದೆ. ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದೆ.

ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಅಬ್ಬಾ ಎಂದುಕೊಂಡೆ. ಆದರೆ ಅದು ನನಗೆ ಸ್ವಾಗತ ಹೇಳುತ್ತಿತ್ತು. ಅಂಗಡಿಯಿಂದ ಬಂದ ದಿನ ಹೇಗೆ ಕೇಳಿತ್ತೋ ಹಾಗೆಯೇ, ಯಾವ ಊರು, ಇವತ್ತು ಯಾವ ತಾರೀಖು ಎಂದು ಒಂದೊಂದಾಗಿ ಕೇಳಿತು. ಬರಹಗಳ ಪಟ್ಟಿ ತೆಗೆದೆ. ಒಂದೂ ಇರಲಿಲ್ಲ.

ವಸಂತನಿಗೆ ಫೋನ್ ಮಾಡಿದೆ.

"ಎಷ್ಟು ದಿನ ಚಾರ್ಜ್ ಹಾಕಿರ್ಲಿಲ್ಲ ಮೇಡಂ?"

"ಹದಿನಾಲ್ಕು ದಿನ."

"ಕಾಪಿ ತೆಗೆದಿದ್ರಾ?"

"ಇಲ್ಲ ಕಣಪ್ಪ."

"ಏನೂ ಮಾಡೋಕಾಗಲ್ಲ ಮೇಡಂ," ಎಂದ. ಅವನೂ ಅಳುತ್ತಿದ್ದ.

ಫೋನ್ ಇಟ್ಟು ಬಂದು ಅತ್ತಿಗೆಯ ಮುಂದೆ ಕೂತೆ. ಸುಳ್ಳು ಹೇಳೋಣ ಅನ್ನಿಸಿತು. ನಾಲಿಗೆ ತಿರುಗಲಿಲ್ಲ. "ಹೋಯ್ತು ಅತ್ತಿಗೆ. ಚಾರ್ಜ್ ಇಳಿದು ಎಲ್ಲ ಹೋಯ್ತು. ನಾನು ಮರೆತೆ. ಅವತ್ತು ನಿಮ್ಮ ಕೈಗೆ ಕೊಟ್ಟಿದ್ರೆ ಓದ್ಬಿಡ್ತಿದ್ರಿ. ನಾನೇ ಕೊಡ್ಲಿಲ್ಲ."

ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದೆ. ಅವರು ಬೈಯಲಿಲ್ಲ.

"ತುಂಬಾ ಇತ್ತಾ?" ಎಂದರು.

"ಎರಡು ವಾರ ಬರೆದ ಅತ್ತಿಗೆ. ದಿನಾ ಮಧ್ಯಾಹ್ನ."

"ಅಷ್ಟೂ ನಂಗೇನಾ?"

"ನಿಮಗೇ."

ಅವರು ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ನೋಯುವಷ್ಟು.

"ನೀನು ಒಂದ್ಸಲ ನೋಡಿರ್ತೀಯ. ನಿಜ ಹೇಳು, ನಾನು ಬೈಯಲ್ಲ. ಮೊದಲನೇ ಸಾಲಾದ್ರೂ?"

"ಇಲ್ಲ ಅತ್ತಿಗೆ. ಓದಬೇಡ ಅಂದಿದ್ದ."

"ಈ ಮನೇಲಿ ಯಾರಿಗೆ ಕಾಗದ ಬಂದ್ರೂ ಮೊದ್ಲು ಒಡೆದು ಓದೋಳು ನೀನು!" ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ಇದೊಂದನ್ನ ಓದಬಾರದಿತ್ತೇನೇ? ಇದೊಂದನ್ನ?"

ಅವರು ನನ್ನ ಮೊಣಕೈ ಬಿಡದೆ ಗೋಳೋ ಎಂದು ಅತ್ತರು. ಅಣ್ಣ ಬರೆದದ್ದರಲ್ಲಿ ಅವರಿಗೆ ಹೇಳಲು ನನ್ನ ಹತ್ತಿರ ಒಂದು ಅಕ್ಷರವೂ ಇರಲಿಲ್ಲ.